ಸ್ಟೈಲಿಶ್ ಪುಟ್ಟ ಹ್ಯಾಚ್‌ಬ್ಯಾಕ್: ಆರಿಸಿ, ಕೊಂಡು, ಓಡಿಸಿ ನೋಡಿದ್ದು

ನಾನು ಕೊಂಡಿದ್ದು ನಾಲ್ಕು ಮೀಟರಿಗಿಂತ ಚಿಕ್ಕದಾದ, ದಾರಿಯಲ್ಲಿ ಹೋಗುವವರು ಇನ್ನೊಂದು ಸಲ ತಿರುಗಿ ನೋಡುವಂಥ ಹ್ಯಾಚ್‌ಬ್ಯಾಕ್. ಚಾವಣಿ ಹಿಂದಕ್ಕೆ ಹೋಗ್ತಾ ಇಳಿಯುತ್ತದೆ, ಕಿಟಕಿಯ ಕೆಳಗಿನ ಗೆರೆ ಹಿಂದಕ್ಕೆ ಹೋಗ್ತಾ ಏರುತ್ತದೆ, ಎರಡೂ ಸೇರುವ ಜಾಗದಲ್ಲಿ ದಪ್ಪನೆಯ ಪಿಲ್ಲರ್, ಅಂದರೆ ಚಾವಣಿ ಹೊತ್ತ ಕಂಬ, ಆ ಪಿಲ್ಲರ್ ಪಕ್ಕದಲ್ಲೇ ಅಡಗಿಸಿಟ್ಟ ಹಿಂಬಾಗಿಲಿನ ಹಿಡಿ. ಮೈ ಕೆಂಪು, ಚಾವಣಿ ಕಪ್ಪು. 17 ಇಂಚಿನ ಅಲಾಯ್ ವೀಲು. ಕಂಪನಿಯ ಹೆಸರು ಬೇಕಂತಲೇ ಬರೆಯುತ್ತಿಲ್ಲ, ಯಾಕಂದ್ರೆ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಜಾತಿಯ ಯಾವ ಕಾರಿಗಾದರೂ ಸಲ್ಲುತ್ತದೆ.

ಓಡಿಸ್ತಾ ಓಡಿಸ್ತಾ ನನಗೆ ಗಟ್ಟಿಯಾಗಿದ್ದು ಒಂದು ವಿಷಯ. ಇಂಥ ಕಾರಿನಲ್ಲಿ ಒಳಗೆ ಕೂತವರಿಗೆ ಏನಾದರೂ ತೊಂದರೆ ಅನಿಸಿದರೆ, ಹೊರಗೆ ಬಂದು ನೋಡಿ, ಅದಕ್ಕೆ ಸರಿಯಾಗಿ ಒಂದು ಚೆಂದದ ಗೆರೆ ಇರುತ್ತದೆ. ಓಡಿಸುವ ಖುಷಿ ಮಾತ್ರ ಆ ಗೆರೆಗಳಿಂದ ಬಂದಿದ್ದಲ್ಲ. ಅದು ಗಾಡಿ ಚಿಕ್ಕದು, ಹಗುರ ಅನ್ನುವ ಕಾರಣಕ್ಕೆ ಬಂದಿದ್ದು. ಅದೇ ಗಾತ್ರದ, ಡಬ್ಬಿಯ ಆಕಾರದ ಕಾರಿನಲ್ಲೂ ಆ ಖುಷಿ ಬಹಳ ಮಟ್ಟಿಗೆ ಸಿಗುತ್ತದೆ. ಇದು ಗೊತ್ತಿದ್ದೇ ನಾನು ಚೆಂದದ್ದನ್ನು ತಗೊಂಡೆ. ದಿನಾ ನೋಡುವ ವಸ್ತು, ಕಣ್ಣಿಗೆ ಹಿತವಾಗಿರಲಿ ಅಂತ ಆಸೆ ಪಡೋದು ತಪ್ಪೇನಲ್ಲ ಅಲ್ವಾ?

ನೋಡೋಕೆ ಹೋದಾಗ ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋಗಿದ್ದೆ. ಒಬ್ಬ ನನ್ನ ತಮ್ಮ, ಉದ್ದಕ್ಕೆ ಬೆಳೆದವನು. ಇನ್ನೊಬ್ಬರು ಅಮ್ಮ, ಮಂಡಿ ನೋವಿನವರು. ಕಾರು ಪರೀಕ್ಷೆ ಮಾಡೋಕೆ ಇವರಿಬ್ಬರಿಗಿಂತ ಒಳ್ಳೆ ಸಾಧನ ಇಲ್ಲ. ಸೇಲ್ಸ್ ಹುಡುಗ ಎಲ್ಲರಿಗೂ ಮಾಡುವ ಹಾಗೆ ಮೊದಲು ಡ್ರೈವರ್ ಬಾಗಿಲು ತೆಗೆದು, ಸ್ಕ್ರೀನ್ ಆನ್ ಮಾಡಿ, ಒಳಗಿನ ದೀಪದ ಬಣ್ಣ ಬದಲಾಯಿಸಿ ತೋರಿಸಲು ಶುರು ಮಾಡಿದ. ತಮ್ಮ ಮಾತ್ರ ಸೀದಾ ಹಿಂದಕ್ಕೆ ಹೋಗಿ ನಿಂತ.

"ಅಕ್ಕಾ, ಇದಕ್ಕೆ ಹಿಂದಿನ ಡೋರೇ ಇಲ್ವಾ?"

"ಇದೆ ಸರ್, ಮೇಲೆ ನೋಡಿ, ಗಾಜಿನ ಪಕ್ಕ," ಅಂದ ಹುಡುಗ.

ನಾಲ್ಕು ಬಾಗಿಲಿನ ಕಾರನ್ನು ಎರಡು ಬಾಗಿಲಿನ ಕೂಪೆ ಥರ ಕಾಣಿಸುವ ಈ ಉಪಾಯ ಹೊಸದೇನಲ್ಲ. 1997ರಲ್ಲಿ ಬಂದ ಆಲ್ಫಾ ರೋಮಿಯೊ 156 ಇದನ್ನು ಜನಪ್ರಿಯ ಮಾಡಿತು. ಆಮೇಲೆ ಸಣ್ಣ ಕಾರು ಮಾಡುವವರೂ ಒಬ್ಬೊಬ್ಬರಾಗಿ ಅದನ್ನೇ ಹಿಡಿದರು. ಚೆಂದ ಇದೆ, ಒಪ್ಪೋಣ. ಆದರೆ ಅಮ್ಮ ಆ ಹಿಡಿಗೆ ಕೈ ಹಾಕಬೇಕಾದರೆ ಭುಜದ ಮಟ್ಟಕ್ಕಿಂತ ಮೇಲೆ ಕೈ ಎತ್ತಬೇಕು, ಬೆರಳು ಒಳಗೆ ತೂರಿಸಿ ತಮ್ಮ ಕಡೆಗೆ ಎಳೆಯಬೇಕು. ಬಾಗಿಲು ಅಂದರೆ ಸೊಂಟದ ಹತ್ತಿರ ಹಿಡಿ ಅಂತ ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತದೆ. ಚಿಕ್ಕ ಮಕ್ಕಳಿಗಂತೂ ಅದು ಎಟುಕೋದೇ ಇಲ್ಲ. ಇವತ್ತಿಗೂ ಮನೆಗೆ ಬಂದವರನ್ನು ಕಾರಿನಲ್ಲಿ ಕರೆದೊಯ್ಯುವಾಗ ನಾನು ಡ್ರೈವರ್ ಸೀಟಿನಿಂದ ಇಳಿದು ಹೋಗಿ ಹಿಂಬಾಗಿಲು ತೆಗೆದುಕೊಡಬೇಕು. ಅವರಿಗೆ ಏನೋ ದೊಡ್ಡ ಮರ್ಯಾದೆ ಕೊಟ್ಟಂತೆ ಅನಿಸುತ್ತದೆ, ಅದೊಂದು ಲಾಭ.

ಹಿಂದಿನ ಸೀಟನ್ನು ನೋಡೋಕೆ ಒಂದೇ ಸರಿಯಾದ ವಿಧಾನ ಇದೆ. ಮೊದಲು ಡ್ರೈವರ್ ಸೀಟನ್ನು ನಮ್ಮ ಅಳತೆಗೆ ಸರಿ ಮಾಡಿಕೊಳ್ಳಬೇಕು, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರುವ ಹಾಗೆ. ಆಮೇಲೆ ಇಳಿದು ಅದೇ ಸೀಟಿನ ಹಿಂದೆ ಹೋಗಿ ಕೂರಬೇಕು. ಶೋರೂಮಿನ ಕಾರುಗಳಲ್ಲಿ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ನಿಲ್ಲಿಸಿರುತ್ತಾರೆ, ಹಿಂದೆ ಅರಮನೆ ಇದ್ದಂತೆ ಕಾಣುತ್ತದೆ. ಸೀಟು ಸರಿ ಮಾಡಿ ಕೂತರೆ ನನ್ನ ಮಂಡಿಗೂ ಮುಂದಿನ ಸೀಟಿಗೂ ಮಧ್ಯೆ ನಾಲ್ಕು ಬೆರಳು ಜಾಗ ಉಳಿಯಿತು. ನಿಜ ಹೇಳಬೇಕೆಂದರೆ ಇಷ್ಟು ಉಳಿಯುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಇಷ್ಟು ಚಿಕ್ಕ ಗಾಡಿಯಲ್ಲಿ ಕಾಲಿಗೆ ಜಾಗ ಸಿಗುವುದಕ್ಕೆ ಕಾರಣ ಬಾನೆಟ್ ಕೆಳಗಿದೆ. 1959ರ ಮಿನಿ ಕಾರಿನಲ್ಲಿ ಅದರ ವಿನ್ಯಾಸಕಾರ ಅಲೆಕ್ ಇಸಿಗೊನಿಸ್ ಎಂಜಿನ್ನನ್ನು ಅಡ್ಡಡ್ಡ ಇಟ್ಟು, ಗೇರ್‌ಬಾಕ್ಸನ್ನು ಅದರ ಕೆಳಗೆ ಎಂಜಿನ್ ಆಯಿಲ್‌ನಲ್ಲೇ ಮುಳುಗಿಸಿ, ಕೇವಲ 3.05 ಮೀಟರ್ ಉದ್ದದ ಕಾರಿನಲ್ಲಿ ನಾಲ್ಕು ಜನರನ್ನು ಕೂರಿಸಿದರು. ಚಕ್ರ ಬರೀ 10 ಇಂಚು. ಆಮೇಲೆ ಫಿಯಟ್ ಕಂಪನಿಯ ಎಂಜಿನಿಯರ್ ದಾಂತೆ ಜಿಯಾಕೋಸಾ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಂದರ ಪಕ್ಕ ಒಂದು ಅಡ್ಡ ಸಾಲಿನಲ್ಲಿ ಕೂರಿಸಿ, ಎಡ ಬಲದ ಚಕ್ರಗಳನ್ನು ತಿರುಗಿಸುವ ಡ್ರೈವ್ ಶಾಫ್ಟ್‌ಗಳನ್ನು ಬೇರೆ ಬೇರೆ ಉದ್ದದಲ್ಲಿ ಮಾಡಿದರು. 1964ರ ಆಟೋಬಿಯಾಂಕಿ ಪ್ರಿಮುಲಾ ಅನ್ನುವ ಇಟಲಿಯ ಕಾರಿನಲ್ಲಿ ಅದು ಬಂತು, 1969ರ ಫಿಯಟ್ 128ರಲ್ಲಿ ಗಟ್ಟಿಯಾಯಿತು. ಇವತ್ತು ನೀವು ನೋಡುವ ಹೆಚ್ಚುಕಡಿಮೆ ಎಲ್ಲ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳದ್ದೂ ಅದೇ ಜೋಡಣೆ. ಬಾನೆಟ್ ಎತ್ತಿ ನೋಡಿದಾಗ ಒಂದು ಕೈ ತೂರಿಸೋಕೂ ಸಂದಿ ಇಲ್ಲದ ಹಾಗೆ ತುಂಬಿರುತ್ತದಲ್ಲ, ಆ ಇಕ್ಕಟ್ಟಿನ ಲಾಭ ನಮ್ಮ ಮಂಡಿಗೆ ಸಿಗುತ್ತಿದೆ.

ತಲೆಯ ಕಥೆ ಬೇರೆ. ತಮ್ಮ ಹಿಂದೆ ಕೂತು ಬೆನ್ನು ನೇರ ಮಾಡಿದ. ಕೂದಲು ಚಾವಣಿಗೆ ತಾಗಿತು. ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿದ, ನೆತ್ತಿಯೇ ತಾಗಿತು. ಚಾವಣಿ ಅಲ್ಲಿಂದಲೇ ಇಳಿಯಲು ಶುರುವಾಗುವುದು. ಕಾಲಿನ ಜಾಗ ಎಂಜಿನಿಯರ್ ಕೊಟ್ಟರು, ತಲೆಯ ಜಾಗವನ್ನು ಡಿಸೈನರ್ ತಗೊಂಡರು. ಹಳೆಯ ಮಿನಿ ಪೆಟ್ಟಿಗೆಯ ಹಾಗೆ ಚೌಕಾಕಾರ ಇದ್ದಿದ್ದಕ್ಕೆ ಅಷ್ಟು ಜಾಗ ಸಿಕ್ಕಿತ್ತು. ಅದೇ ಮುಖ ಇಟ್ಟುಕೊಂಡು 2001ರಲ್ಲಿ ಬಂದ ಹೊಸ ಮಿನಿ ಸುಮಾರು 3.6 ಮೀಟರ್‌ಗೆ ಬೆಳೆದಿತ್ತು, ಆದರೂ ಡಿಕ್ಕಿ 200 ಲೀಟರ್ ಮುಟ್ಟಲಿಲ್ಲ. 2007ರ ಫಿಯಟ್ 500ದೂ ಅದೇ ಕಥೆ, ಡಿಕ್ಕಿ 185 ಲೀಟರ್. ಅವನ್ನು ಕೊಂಡವರು ಡಿಕ್ಕಿ ನೋಡಿ ಕೊಳ್ಳಲಿಲ್ಲ, ಬಿಡಿ.

ಡಿಕ್ಕಿ ವಿಷಯಕ್ಕೆ ಬಂದರೆ, ಬ್ರೋಷರ್‌ನಲ್ಲಿರುವ ಲೀಟರ್ ಲೆಕ್ಕವನ್ನು ನಂಬಿ ಕೂರಬೇಡಿ. ಅದು ಸುಳ್ಳಲ್ಲ, ಆದರೆ ಅಳೆಯುವ ವಿಧಾನ ಹಾಗಿದೆ. ಸಾಮಾನ್ಯವಾಗಿ ಬಳಸುವ, ಜರ್ಮನಿಯ ವಾಹನ ತಯಾರಕರ ಸಂಘದ ವಿಡಿಎ ಪದ್ಧತಿಯಲ್ಲಿ 200 ಮಿ.ಮೀ. ಉದ್ದ, 100 ಅಗಲ, 50 ದಪ್ಪದ ಇಟ್ಟಿಗೆಯಂಥ ತುಂಡುಗಳನ್ನು ತುಂಬಿಸಿ ಎಣಿಸುತ್ತಾರೆ. ಒಂದು ತುಂಡು ಒಂದು ಲೀಟರ್. ಆ ತುಂಡು ಮೂಲೆ ಮೂಲೆಗೂ ಹೋಗುತ್ತದೆ, ನಮ್ಮ ಸೂಟ್‌ಕೇಸ್ ಹೋಗುತ್ತಾ? ಹಾಗಾಗಿ ನಾನು ಮನೆಯ ದೊಡ್ಡ ಸೂಟ್‌ಕೇಸನ್ನೇ ಹೊತ್ತುಕೊಂಡು ಹೋಗಿದ್ದೆ. ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡಿದ, ನೋಡಲಿ. ಸೂಟ್‌ಕೇಸ್ ಅಡ್ಡ ಮಲಗಿಸಿದರೆ ಹಿಡಿಸಿತು, ಆದರೆ ಅದರ ಪಕ್ಕ ಇನ್ನೊಂದು ಸಣ್ಣ ಚೀಲ ಮಾತ್ರ. ಅದಕ್ಕಿಂತ ದೊಡ್ಡ ತೊಂದರೆ ಡಿಕ್ಕಿಯ ಅಂಚು. ಹಿಂದಿನ ಬಂಪರ್ ದಪ್ಪಗೆ, ಎತ್ತರಕ್ಕೆ ಕಾಣಲಿ ಅಂತ ಡಿಕ್ಕಿಯ ಬಾಗಿಲು ಎತ್ತರದಿಂದ ಶುರುವಾಗುವ ಹಾಗೆ ಕತ್ತರಿಸಿದ್ದಾರೆ. ಭಾರದ ವಸ್ತುವನ್ನು ಸೊಂಟದ ತನಕ ಎತ್ತಿ, ಅಂಚು ದಾಟಿಸಿ, ಮತ್ತೆ ಒಳಗಿನ ಹೊಂಡಕ್ಕೆ ಇಳಿಸಬೇಕು. ತೆಗೆಯುವಾಗ ಇನ್ನೂ ಕಷ್ಟ, ಬಗ್ಗಿಕೊಂಡೇ ಎತ್ತಬೇಕು. ಆ ಅಂಚಿನ ಬಣ್ಣ ನನ್ನ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಗೀರು ಬಿದ್ದ ಜಾಗ. ಈಗ ಅಲ್ಲಿಗೆ ಒಂದು ರಬ್ಬರ್ ಪಟ್ಟಿ ಅಂಟಿಸಿದ್ದೇನೆ.

ಟೆಸ್ಟ್ ಡ್ರೈವ್‌ಗೆ ಅವರು ಹೇಳಿದ ದಾರಿ ನುಣ್ಣಗಿತ್ತು. ಅದು ಬೇಡ ಅಂದೆ. ಕಿತ್ತುಹೋದ ರಸ್ತೆ ಒಂದಿಷ್ಟು, ಏರು ಒಂದಿಷ್ಟು, ಮತ್ತೆ ಎಲ್ಲಾದರೂ ಗಾಡಿ ರಿವರ್ಸ್ ಹಾಕಿ ನಿಲ್ಲಿಸುವ ಜಾಗ, ಇಷ್ಟು ಬೇಕು ಅಂದೆ. ಸುಮ್ನೆ ಒಪ್ಪಿಕೊಂಡ.

ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು. ಸ್ಟಾರ್ಟ್ ಮಾಡಿ ನಿಂತಾಗ ಸ್ಟೀರಿಂಗ್‌ನಲ್ಲಿ, ಸೀಟಿನ ಕೆಳಗೆ ಒಂದು ಸಣ್ಣ ನಡುಕ ಕೈಗೆ ಬಂತು. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಅರ್ಧ ಸುತ್ತು, ಅಂದರೆ 180 ಡಿಗ್ರಿ ತಿರುಗಿದಾಗ ಒಂದು ಸಲ ಉರಿ ಬೀಳುತ್ತದೆ. ಮೂರರಲ್ಲಿ 240 ಡಿಗ್ರಿಗೆ ಒಂದು. ಜೊತೆಗೆ ಎಂಜಿನ್‌ನ ಒಂದು ತುದಿ ಏಳುವಾಗ ಇನ್ನೊಂದು ತುದಿ ಬೀಳುವ ಹಾಗೆ ಅದು ಉದ್ದಕ್ಕೂ ಆಡುತ್ತಿರುತ್ತದೆ. ಕೆಲವರು ಇದನ್ನು ಅಡಗಿಸಲು ಬ್ಯಾಲೆನ್ಸ್ ಶಾಫ್ಟ್ ಹಾಕುತ್ತಾರೆ, ಕೆಲವರು ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಮೆತ್ತಗೆ ಮಾಡಿ ಸುಮ್ಮನಾಗುತ್ತಾರೆ. ಸಿಗ್ನಲ್‌ನಲ್ಲಿ ನಿಂತಾಗ ಎಸಿ ಕಂಪ್ರೆಸರ್ ಆನ್ ಆದ ಕ್ಷಣ ಈ ನಡುಕ ಜಾಸ್ತಿ ಆಗುತ್ತದೆ. ಹೊರಟ ಮೇಲೆ ಎಲ್ಲ ಮಾಯ. ಹಾಗಾಗಿ ಟೆಸ್ಟ್ ಡ್ರೈವ್‌ನಲ್ಲಿ ಓಡಿಸುವುದಷ್ಟೇ ಅಲ್ಲ, ಎಸಿ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತೂ ನೋಡಬೇಕು.

ಟರ್ಬೊ ಎಂಜಿನ್‌ಗೆ ಒಂದು ಗುಣ ಇದೆ. ಕೆಳಗಿನ ಆರ್‌ಪಿಎಂನಲ್ಲಿ ಸೋಮಾರಿ. ಹಂಪ್ ದಾಟಿ ಎರಡನೇ ಗೇರಿನಲ್ಲೇ ಏರು ಹತ್ತಿಸೋಣ ಅಂದರೆ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಯಾವಾಗ ನುಗ್ಗುತ್ತದೆ ಅಂತ ಕಾಲಿಗೆ ಗೊತ್ತಾಗುವವರೆಗೆ ಕಿರಿಕಿರಿ, ಗೊತ್ತಾದ ಮೇಲೆ ಮಜಾ.

ಇನ್ನು ಚಕ್ರದ ವಿಷಯ. ಇದರ ಬಗ್ಗೆ ಉದ್ದಕ್ಕೆ ಬರೆಯಲೇಬೇಕು, ಯಾಕಂದ್ರೆ ಸ್ಟೈಲಿಶ್ ಹ್ಯಾಚ್‌ಬ್ಯಾಕ್ ಕೊಳ್ಳುವವರು ದಿನಾ ಅನುಭವಿಸುವುದು ಇದನ್ನೇ. ನಾನು ನೋಡಿದ ಮಾಡೆಲ್‌ನಲ್ಲಿ ಕೆಳಗಿನ ವೇರಿಯಂಟ್‌ಗೆ 185/65 ಆರ್15 ಟೈರು, ಮೇಲಿನದ್ದಕ್ಕೆ 205/45 ಆರ್17. ಈ ನಂಬರ್‌ಗಳನ್ನು ಸ್ವಲ್ಪ ಬಿಡಿಸಿ ನೋಡಿ. ಮೊದಲನೆಯದು ಟೈರಿನ ಅಗಲ ಮಿಲಿಮೀಟರ್‌ನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಟೈರಿನ ಪಕ್ಕದ ಗೋಡೆಯ ಎತ್ತರ ಅನ್ನೋದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. 185ರಲ್ಲಿ 65 ಭಾಗ ಅಂದರೆ 120 ಮಿ.ಮೀ. 205ರಲ್ಲಿ 45 ಭಾಗ ಅಂದರೆ 92 ಮಿ.ಮೀ. ರಿಮ್ಮು ದೊಡ್ಡದಾದರೂ ಚಕ್ರದ ಒಟ್ಟು ಎತ್ತರ ಎರಡರಲ್ಲೂ ಹೆಚ್ಚುಕಡಿಮೆ 62 ಸೆಂ.ಮೀ. ಅಂದರೆ ಬೆಳೆದಿದ್ದು ಚಕ್ರ ಅಲ್ಲ, ಬರೀ ಲೋಹ. ಕಡಿಮೆಯಾಗಿದ್ದು ರಬ್ಬರ್ ಮತ್ತು ಗಾಳಿ. ಹೊಂಡಕ್ಕೆ ಬಿದ್ದಾಗ ಮೊದಲ ಏಟು ತಿನ್ನುವುದು ಆ ಗಾಳಿಯೇ.

ಸೈಡ್ ಮತ್ತು ಕರ್ಟನ್ ಏರ್‌ಬ್ಯಾಗ್ ನನಗೆ ಬೇಕೇ ಬೇಕಿತ್ತು, ಪಕ್ಕದಿಂದ ಗುದ್ದಿದಾಗ ಮೈ, ತಲೆ ಕಾಯುವುದು ಅವೇ. ಅದು ಸಿಗುತ್ತಿದ್ದುದು ಮೇಲಿನ ವೇರಿಯಂಟ್‌ನಲ್ಲಿ ಮಾತ್ರ. ಅದರ ಜೊತೆಗೆ 17 ಇಂಚು ಕಡ್ಡಾಯ. ಜೀವ ಉಳಿಸುವ ಸಾಮಾನನ್ನು ಅಲಂಕಾರದ ಸಾಮಾನಿನ ಜೊತೆ ಒಂದೇ ಕಟ್ಟಿನಲ್ಲಿ ಮಾರುವ ಈ ಪದ್ಧತಿ ನನಗೆ ಯಾವತ್ತೂ ಹಿಡಿಸಿಲ್ಲ. ಟೈರು ಸವೆಯುವವರೆಗೆ ಇರಲಿ, ಆಮೇಲೆ ನೋಡೋಣ ಅಂತ ಲೆಕ್ಕ ಹಾಕಿ ಅದನ್ನೇ ಬುಕ್ ಮಾಡಿದೆ.

ಊರೊಳಗೆ ಓಡಿಸಲು ಶುರು ಮಾಡಿದ ಮೇಲೆ ಈ ದೂರೆಲ್ಲ ಸ್ವಲ್ಪ ದಿನ ಮರೆತೇಹೋಯಿತು. ಸುಳ್ಳು ಹೇಳಲ್ಲ, ಇಷ್ಟು ಖುಷಿ ಕೊಟ್ಟ ಗಾಡಿ ಇನ್ನೊಂದಿಲ್ಲ. ತೂಕ ಒಂದು ಟನ್ನಿನ ಆಸುಪಾಸು. ಸ್ಟೀರಿಂಗ್ ಒಂದು ಕೈಯಲ್ಲಿ ತಿರುಗುತ್ತದೆ. ಸುಮಾರು 10 ಮೀಟರ್ ವ್ಯಾಸದ ಜಾಗ ಸಿಕ್ಕರೆ ಒಂದೇ ಏಟಿಗೆ ಯೂ-ಟರ್ನ್. ದೊಡ್ಡ ಕಾರಿನವರು ಮುಂದೆ ಹಿಂದೆ ಮಾಡಿಕೊಂಡು ಬೆವರು ಸುರಿಸುವ ಸಂದಿಯಲ್ಲಿ ಇದು ಸರಕ್ಕನೆ ನುಗ್ಗಿ ನಿಲ್ಲುತ್ತದೆ, ನಿಲ್ಲಿಸಿದ ಮೇಲೆ ಬಾಗಿಲು ತೆಗೆಯೋಕೂ ಜಾಗ ಉಳಿದಿರುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ, ಹಿಂಭಾಗ ತಡಮಾಡದೆ ಹಿಂಬಾಲಿಸುತ್ತದೆ. ಅಗಲ ಟೈರಿನ ಹಿಡಿತವೂ ಇಲ್ಲಿ ಸಹಾಯಕ್ಕೆ ಬರುತ್ತದೆ, ಅದನ್ನು ಒಪ್ಪಬೇಕು. ಐವತ್ತು ಕಿಲೋಮೀಟರ್ ವೇಗದಲ್ಲೇ ಏನೋ ದೊಡ್ಡ ಸಾಹಸ ಮಾಡಿದ ಖುಷಿ ಸಿಗುತ್ತದೆ. ದೊಡ್ಡ, ಶಕ್ತಿಶಾಲಿ ಕಾರಿನಲ್ಲಿ ಆ ಖುಷಿ ಬೇಕೆಂದರೆ ಕಾನೂನು ಮುರಿಯಬೇಕು.

ಮುಂದಿನ ಎರಡು ಸೀಟಿನಲ್ಲಿ ಕೂತವರಿಗೆ ಇದು ಬೇರೆಯೇ ಕಾರು. ಸೀಟುಗಳು ಬೆನ್ನಿನ ಎರಡೂ ಪಕ್ಕ ಹಿಡಿದುಕೊಳ್ಳುತ್ತವೆ, ಡ್ಯಾಶ್‌ಬೋರ್ಡ್ ಚೊಕ್ಕ, ಎದುರಿನ ನೋಟ ಸ್ಪಷ್ಟ. ಒಬ್ಬರೋ ಇಬ್ಬರೋ ಓಡಾಡುವುದಾದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಹೋಗಿ ಕೊಂಡುಬಿಡಿ ಅನ್ನುತ್ತೇನೆ.

ಕಾರು ತುಂಬ ಜನ, ಡಿಕ್ಕಿ ತುಂಬ ಸಾಮಾನು, ದೂರದ ದಾರಿ. ಆಗ ಸಣ್ಣ ಗಾತ್ರ ಲೆಕ್ಕ ಕೇಳುತ್ತದೆ. ಒಂದು ಟನ್ನಿನ ಗಾಡಿಗೆ ನಾಲ್ಕು ಜನ ಮತ್ತು ಲಗೇಜು ಅಂತ 300 ಕೆಜಿ ಸೇರಿದರೆ ತೂಕ ಮೂವತ್ತು ಪರ್ಸೆಂಟ್ ಏರಿತು ಅಂತ ಅರ್ಥ. ಎರಡು ಟನ್ನಿನ ಗಾಡಿಗೆ ಅದೇ ಭಾರ ಅಷ್ಟು ಗೊತ್ತಾಗುವುದಿಲ್ಲ. ಪಿಕಪ್ ಇಳಿಯುತ್ತದೆ, ಓವರ್‌ಟೇಕ್‌ಗೆ ಗೇರು ಇಳಿಸಲೇಬೇಕು, ಬ್ರೇಕ್ ಹಿಡಿದಾಗ ನಿಲ್ಲುವ ದೂರ ಜಾಸ್ತಿ ಅನಿಸುತ್ತದೆ. ಹಿಂಭಾಗ ಕುಗ್ಗಿ ಮುಂಭಾಗ ಎದ್ದು ನಮ್ಮ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹೆಡ್‌ಲೈಟ್ ಎತ್ತರ ಇಳಿಸಲು ಡ್ಯಾಶ್‌ಬೋರ್ಡ್ ಕೆಳಗೆ 0, 1, 2, 3 ಅಂತ ಬರೆದ ಒಂದು ಪುಟ್ಟ ತಿರುಗಣಿ ಇದೆ. ಬಹಳ ಕಾರುಗಳಲ್ಲಿ ಇರುತ್ತದೆ, ಬಹಳ ಜನ ಮುಟ್ಟಿಯೇ ಇರುವುದಿಲ್ಲ. ಹಾಗೇ ಡ್ರೈವರ್ ಬಾಗಿಲ ಚೌಕಟ್ಟಿನ ಮೇಲಿರುವ ಸ್ಟಿಕರ್ ನೋಡಿ, ಫುಲ್ ಲೋಡ್ ಇದ್ದಾಗ ಹಿಂದಿನ ಟೈರಿಗೆ ಗಾಳಿ ಎಷ್ಟು ಜಾಸ್ತಿ ಬೇಕು ಅಂತ ಬರೆದಿರುತ್ತಾರೆ. ಅಷ್ಟು ಮಾಡಿಕೊಂಡರೆ ಗಾಡಿಯ ನಡವಳಿಕೆ ಎಷ್ಟೋ ಸುಧಾರಿಸುತ್ತದೆ.

ಸುಧಾರಿಸದ ವಿಷಯ ಅಂದರೆ ಕುಲುಕಾಟ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎರಡೂವರೆ ಮೀಟರ್ ಅಂತರ, ಇದನ್ನೇ ವೀಲ್‌ಬೇಸ್ ಅನ್ನೋದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಮುಂದಿನ ಚಕ್ರ ಉಬ್ಬು ಹತ್ತಿ 0.15 ಸೆಕೆಂಡ್‌ನಲ್ಲಿ ಹಿಂದಿನದೂ ಹತ್ತುತ್ತದೆ. ಮೂತಿ ಇಳಿಯುವ ಮುಂಚೆಯೇ ಹಿಂಭಾಗ ಏಳುತ್ತದೆ. ಉಬ್ಬುತಗ್ಗಿನ ಹೈವೇಯಲ್ಲಿ ಹಿಂದೆ ಕೂತವರಿಗೆ ಕುದುರೆ ಸವಾರಿ ಮಾಡಿದ ಹಾಗೆ. ಹಿಂದಿನ ಸಸ್ಪೆನ್ಷನ್ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರಗಳನ್ನು ಒಂದು ತಿರುಚಿಕೊಳ್ಳುವ ತೊಲೆಗೆ ಜೋಡಿಸಿರುತ್ತಾರೆ. ಜಾಗ ಕಡಿಮೆ ಸಾಕು, ಖರ್ಚೂ ಕಡಿಮೆ, ಸಣ್ಣ ಕಾರಿಗೆ ಸರಿಯಾದ ಆಯ್ಕೆಯೇ. ಆದರೆ ಎಡ ಚಕ್ರ ಹೊಂಡಕ್ಕೆ ಬಿದ್ದರೆ ಬಲದವನಿಗೂ ಸ್ವಲ್ಪ ಸುದ್ದಿ ಹೋಗುತ್ತದೆ. ಇದರ ಮೇಲೆ 92 ಮಿ.ಮೀ. ಟೈರ್ ಗೋಡೆ.

ವೇಗ ಏರಿದಂತೆ ಮೈಲೇಜ್ ಬಿದ್ದುಹೋಗುವುದೂ ಕಾಣುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಿಂದ 120ಕ್ಕೆ ಹೋದರೆ ತಡೆ ಎರಡೂಕಾಲು ಪಟ್ಟು ಆಗುತ್ತದೆ. ಇದು ಎಲ್ಲ ಕಾರಿಗೂ ಒಂದೇ. ಆದರೆ ಸಣ್ಣ ಎಂಜಿನ್‌ಗೆ ಅದು ಜಾಸ್ತಿ ಬೆವರಿಳಿಸುತ್ತದೆ, ಹಗುರ ಗಾಡಿ ಅಡ್ಡಗಾಳಿಗೆ ಪಕ್ಕಕ್ಕೆ ಸರಿಯುವುದೂ ಕೈಗೆ ಗೊತ್ತಾಗುತ್ತದೆ. 90ರ ಹತ್ತಿರ ಇಟ್ಟುಕೊಂಡರೆ ಎಂಜಿನ್, ನಾನು, ಪೆಟ್ರೋಲ್ ಮೂವರೂ ಆರಾಮ.

ಅಮ್ಮನಿಗೆ ಹಿಂದಿನ ಸೀಟಿನಲ್ಲಿ ವಾಂತಿ ಬಂದಂತಾಗಲು ಶುರುವಾಯಿತು. ಹಳೇ ಕಾರಿನಲ್ಲಿ ಯಾವತ್ತೂ ಆಗಿರಲಿಲ್ಲ. ಒಂದು ದಿನ ನಾನೇ ಹಿಂದೆ ಕೂತು ತಮ್ಮನಿಗೆ ಓಡಿಸಲು ಹೇಳಿದೆ. ಪಕ್ಕಕ್ಕೆ ನೋಡಿದರೆ ಏರಿಹೋದ ಬಾಗಿಲಿನ ಪ್ಲಾಸ್ಟಿಕ್. ಎದುರಿಗೆ ನೋಡಿದರೆ ಮುಂದಿನ ಸೀಟಿನ ಅಗಲ ಬೆನ್ನು, ಅದಕ್ಕೇ ಅಂಟಿಕೊಂಡ ಹೆಡ್‌ರೆಸ್ಟ್. ಒಳಗೆಲ್ಲ ಕಪ್ಪು. ಕಿವಿಯೊಳಗಿನ ಸಮತೋಲದ ಅಂಗ ನಾವು ತಿರುಗುತ್ತಿದ್ದೇವೆ ಅನ್ನುತ್ತದೆ, ಕಣ್ಣು ಎಲ್ಲ ನಿಂತೇ ಇದೆ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಹೊರಗಿನಿಂದ ಅಷ್ಟು ಚೂಪಾಗಿ ಕಾಣುವ ಆ ಏರುವ ಗೆರೆಯೇ ಇದಕ್ಕೆ ಕಾರಣ. ಅವತ್ತಿನಿಂದ ಅಮ್ಮ ಮುಂದೆ, ತಮ್ಮ ಹಿಂದೆ ತಲೆ ಬಾಗಿಸಿಕೊಂಡು. ಮಕ್ಕಳಿರುವ ಮನೆಯವರು ಚೈಲ್ಡ್ ಸೀಟ್ ಹಾಕಿ, ಅದರಲ್ಲಿ ಕೂತ ಮಗುವಿನ ಕಣ್ಣಿನ ಮಟ್ಟಕ್ಕೆ ನೀವೇ ತಲೆ ತಂದು ಕಿಟಕಿಯಾಚೆ ಏನು ಕಾಣುತ್ತದೆ ಅಂತ ಒಮ್ಮೆ ನೋಡಿ.

ಅದೇ ಗೆರೆ, ಅದೇ ದಪ್ಪ ಪಿಲ್ಲರ್ ಡ್ರೈವರ್‌ನನ್ನೂ ಬಿಡುವುದಿಲ್ಲ. ಓರೆಯಾಗಿ ಹಿಂದಕ್ಕೆ ತಿರುಗಿ ನೋಡಿದರೆ ಒಂದು ಬೈಕ್ ಪೂರ್ತಿ ಮರೆಯಾಗುವಷ್ಟು ಜಾಗ ಕುರುಡು. ದಪ್ಪ ಹಿಂಪಿಲ್ಲರ್ ಅನ್ನುವುದು 1974ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್‌ನಿಂದಲೂ ಹ್ಯಾಚ್‌ಬ್ಯಾಕ್ ಅಂದದ ಒಂದು ಗುರುತು. ಇಟಲಿಯ ಡಿಸೈನರ್ ಜಾರ್ಜೆತ್ತೊ ಜುಜಾರೊ ಆ ಕಾರನ್ನು ಮಡಿಸಿದ ಕಾಗದದ ಹಾಗೆ ನೇರ ಗೆರೆಗಳಲ್ಲಿ ಎಳೆದಿದ್ದರು. ಆದರೆ ಅದರಲ್ಲಿ ಕಿಟಕಿಗಳು ದೊಡ್ಡದು, ಗೆರೆ ಕೆಳಗಿತ್ತು. ಈಗ ಪಿಲ್ಲರ್ ದಪ್ಪ, ಮೇಲಾಗಿ ಗಾಜೂ ಚಿಕ್ಕದು. ಸೈಡ್ ಕನ್ನಡಿಯನ್ನು ನಮ್ಮ ಕಾರಿನ ಮೈ ಕಾಣದಷ್ಟು ಹೊರಕ್ಕೆ ತಿರುಗಿಸಿಟ್ಟುಕೊಂಡರೆ ಈ ಕುರುಡು ಜಾಗ ಬಹಳ ಕಡಿಮೆಯಾಗುತ್ತದೆ. ಅಭ್ಯಾಸಕ್ಕೆ ಒಂದು ವಾರ ಬೇಕು.

ಹಿಂದೆ ಕ್ಯಾಮೆರಾ ಇದೆಯಲ್ಲ ಅಂತ ಸೇಲ್ಸ್ ಹುಡುಗ ಹೇಳಿದ್ದ. ಇದೆ, ಮಳೆ ಬರುವವರೆಗೆ. ಹ್ಯಾಚ್‌ಬ್ಯಾಕ್‌ನ ಹಿಂಭಾಗ ಕತ್ತರಿಸಿದಂತೆ ಇರುವುದರಿಂದ ಚಾವಣಿ ಮೇಲಿಂದ ಬರುವ ಗಾಳಿ ಅಲ್ಲಿ ಕಿತ್ತುಕೊಂಡು ಹೋಗುತ್ತದೆ, ಕಾರಿನ ಬೆನ್ನ ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಚಕ್ರ ಎಬ್ಬಿಸಿದ ಕೆಸರು ನೀರು, ಧೂಳು ಎಲ್ಲ ಆ ಜಾಗಕ್ಕೆ ಎಳೆದುಕೊಂಡು ಬಂದು ಗಾಜಿಗೆ, ಕ್ಯಾಮೆರಾಕ್ಕೆ ಮೆತ್ತಿಕೊಳ್ಳುತ್ತದೆ. ಉದ್ದ ಬಾಲದ ಸೆಡಾನ್‌ಗಳಿಗೆ ಹಿಂದಿನ ವೈಪರ್ ಇಲ್ಲದೆ ನಡೆಯುತ್ತದೆ, ಹ್ಯಾಚ್‌ಬ್ಯಾಕ್‌ಗೆ ನಡೆಯುವುದಿಲ್ಲ. ಕೆಳಗಿನ ವೇರಿಯಂಟ್‌ನಲ್ಲಿ ಹಿಂದಿನ ವೈಪರ್ ತೆಗೆದುಹಾಕಿದ್ದರೆ ಅದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಕ್ಯಾಮೆರಾ ಲೆನ್ಸ್‌ಗೆ ವೈಪರ್ ಇಲ್ಲ, ಹೊರಡುವ ಮುಂಚೆ ಬಟ್ಟೆಯಲ್ಲಿ ಒರೆಸುವುದೇ ದಾರಿ.

ಒಳಗಿನ ಅಂದದ ಬಗ್ಗೆ ಚುಟುಕಾಗಿ. ಫಳಫಳ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಮೊದಲ ದಿನವಷ್ಟೇ ಫಳಫಳ. ಆಮೇಲೆ ಬೆರಳಚ್ಚು, ಒರೆಸಿದರೆ ಗೀರು. ಎಸಿಯ ಗಾಳಿ ಏರಿಸಲು ಗುಂಡಿ ತೆಗೆದು ಸ್ಕ್ರೀನ್ ಒಳಗೆ ಹಾಕಿರುವುದು ನನಗೆ ಸಿಟ್ಟು ತರಿಸುವ ವಿಷಯ. 60ರ ವೇಗದಲ್ಲಿ ಎರಡು ಸೆಕೆಂಡ್ ಸ್ಕ್ರೀನ್ ಕಡೆ ನೋಡಿದರೆ ಅಷ್ಟರಲ್ಲಿ ಗಾಡಿ 33 ಮೀಟರ್ ಹೋಗಿರುತ್ತದೆ. ಯುರೋಪಿನ ಸುರಕ್ಷತಾ ಪರೀಕ್ಷೆ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರನ್, ವೈಪರ್ ಥರದವಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇರಬೇಕು ಅಂತ ಅಂಕದ ನಿಯಮ ತಂದಿದೆ. ಒಳ್ಳೆಯದಾಯಿತು.

ಒಂದು ಸಲ ರಾತ್ರಿ ಹೊತ್ತು ಚೂಪು ಅಂಚಿನ ಹೊಂಡಕ್ಕೆ ಎಡ ಮುಂಚಕ್ರ ಬಿತ್ತು. ಟಪ್ ಅಂತ ಸದ್ದು, ಇಳಿದು ಟಾರ್ಚ್ ಹಾಕಿ ನೋಡಿದರೆ ಟೈರಿನ ಪಕ್ಕದ ಗೋಡೆ ಬೆರಳುದ್ದ ಹರಿದಿದೆ. ರಿಮ್ಮಿನ ಅಂಚು ಒಳಕ್ಕೆ ಬಾಗಿದೆ. ಗೋಡೆ ಹರಿದರೆ ಪಂಕ್ಚರ್ ಹಾಕೋಕೆ ಬರುವುದಿಲ್ಲ, ಟೈರೇ ಹೊಸದು ಬೇಕು. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಬದಲು ಅಂಟು ತುಂಬಿದ ಬಾಟಲಿ ಮತ್ತು ಪುಟ್ಟ ಪಂಪ್ ಕೊಡುತ್ತಾರೆ, ಹೀಗೆ ಗೋಡೆ ಹರಿದಾಗ ಅದು ಏನೂ ಪ್ರಯೋಜನ ಇಲ್ಲ. ನನ್ನ ಕಾರಿನಲ್ಲಿ ತೆಳ್ಳಗಿನ ಸ್ಟೆಪ್ನಿ ಇತ್ತು, ಅದರ ಮೇಲೆ ಹಳದಿ ಸ್ಟಿಕರ್‌ನಲ್ಲಿ 80 ಕಿ.ಮೀ. ಮೀರಬೇಡಿ ಅಂತ ಬರೆದಿತ್ತು. ಅದನ್ನು ತೆಗೆಯೋಕೆ ಡಿಕ್ಕಿಯಲ್ಲಿದ್ದ ಸಾಮಾನೆಲ್ಲ ಆ ಎತ್ತರದ ಅಂಚು ದಾಟಿಸಿ ರಸ್ತೆ ಬದಿ ಇಳಿಸಿದ್ದಾಯಿತು. ಟೈರ್ ಅಂಗಡಿಯಲ್ಲಿ ಆ ಅಳತೆ ಇರಲಿಲ್ಲ, ತರಿಸಿಕೊಡಬೇಕು ಅಂದರು. 15 ಇಂಚಿನದ್ದು ಗೋಡೆಗೆ ಸಾಲಾಗಿ ಒರಗಿ ನಿಂತಿತ್ತು.

ಇನ್ನೊಂದು ಖರ್ಚಿನ ಬಾಬತ್ತು ಹೆಡ್‌ಲೈಟ್. ತೆಳ್ಳಗೆ, ಹುಬ್ಬಿನ ಥರ ಎಳೆದ ಎಲ್‌ಇಡಿ ದೀಪಗಳಲ್ಲಿ ಬಹಳಷ್ಟಕ್ಕೆ ಬಲ್ಬ್ ಬೇರೆ ಸಿಗುವುದಿಲ್ಲ. ಒಳಗೆ ಕೆಟ್ಟರೆ ಇಡೀ ದೀಪವೇ ಬದಲಾಯಿಸಬೇಕು. ನನಗೆ ಇನ್ನೂ ಆ ಯೋಗ ಬಂದಿಲ್ಲ. ಕಪ್ಪು ಚಾವಣಿ ಬಿಸಿಲು ಹೀರುತ್ತದೆ, ನಿಲ್ಲಿಸಿದ ಗಾಡಿಗೆ ಹತ್ತಿದಾಗ ಒಳಗಿನ ಝಳ ಗೊತ್ತಾಗುತ್ತದೆ. ಅದು ಬಣ್ಣವೋ ಅಂಟಿಸಿದ ಹಾಳೆಯೋ ಅಂತ ಕೊಳ್ಳುವ ಮುಂಚೆ ಕೇಳಿಕೊಳ್ಳಿ, ಹಾಳೆಯಾದರೆ ಅಂಚಿನಲ್ಲಿ ಏಳುವ ಸಾಧ್ಯತೆ ಇರುತ್ತದೆ.

ಟೈರು ಸವೆದ ಮೇಲೆ ಅಂದುಕೊಂಡಿದ್ದನ್ನೇ ಮಾಡಿದೆ. ಕಾರಿನ ಕೈಪಿಡಿಯಲ್ಲಿ ನನ್ನ ವೇರಿಯಂಟ್‌ಗೆ ಒಪ್ಪಿದ ಅಳತೆಗಳಲ್ಲಿ 195/55 ಆರ್16 ಕೂಡ ಇತ್ತು. ಪಕ್ಕದ ಗೋಡೆ 107 ಮಿ.ಮೀ., ಒಟ್ಟು ಎತ್ತರ ಅಷ್ಟೇ, ಹಾಗಾಗಿ ಸ್ಪೀಡೋಮೀಟರ್ ಲೆಕ್ಕವೂ ಕೆಡುವುದಿಲ್ಲ. ದೊಡ್ಡ ಬ್ರೇಕ್ ಡಿಸ್ಕ್ ಇರುವ ಕೆಲವು ಕಾರುಗಳಿಗೆ ಸಣ್ಣ ರಿಮ್ಮು ಹಿಡಿಸುವುದಿಲ್ಲ, ಆದ್ದರಿಂದ ಕೈಪಿಡಿ ನೋಡದೆ ಕೈ ಹಾಕಬೇಡಿ. 17ರ ರಿಮ್ಮುಗಳನ್ನು ಮಾರಿ 16ರದ್ದು ಹಾಕಿಸಿದೆ. ಕಾರು ಒಂದು ಚೂರು ಬಡಕಲಾಗಿ ಕಾಣುತ್ತದೆ, ಚಕ್ರದ ಕಮಾನು ಸ್ವಲ್ಪ ಖಾಲಿ ಅನಿಸುತ್ತದೆ. ತಿರುವಿನಲ್ಲಿ ಮೊದಲಿನ ಆ ಚುರುಕು ಕೂದಲೆಳೆಯಷ್ಟು ಕಡಿಮೆ. ಕಿತ್ತುಹೋದ ರಸ್ತೆಯಲ್ಲಿ ಮಾತ್ರ ವ್ಯತ್ಯಾಸ ಮೊದಲ ಹೊಂಡಕ್ಕೇ ಗೊತ್ತಾಯಿತು. ಕುಲುಕಾಟ ಹೋಗಲಿಲ್ಲ, ಅದು ವೀಲ್‌ಬೇಸ್‌ನದ್ದು. ಆದರೆ ಏಟಿನ ಚೂಪು ಹೋಯಿತು.

ತಮ್ಮ ಹಿಂದೆ ಕೂತು ಸ್ವಲ್ಪ ದೂರ ಬಂದು, "ಈಗ ಪರವಾಗಿಲ್ಲ ಅಕ್ಕಾ, ತಲೆಗೆ ಏನಾದರೂ ಮಾಡಿಸು," ಅಂದ. ಅದಕ್ಕೆ ಅವನು ಡಬ್ಬಿಯಂಥ ಕಾರನ್ನೇ ಕೊಂಡುಕೊಂಡ. ಮೊನ್ನೆ ಅವನ ಮನೆಯವರ ಜೊತೆ ನಾವೆಲ್ಲ ಸೇರಿ ಹೊರಟಾಗ ಅವನ ಗಾಡಿ ತಗೊಂಡೆವು. ಸಂದಿಗೊಂದಿಯ ಪೇಟೆಗೆ ಹೋಗಬೇಕಾದರೆ ಅವನು ನನ್ನ ಕೀಲಿ ಕೇಳುತ್ತಾನೆ.